ಜತ್ತ ಸೀಮೆಯಲ್ಲಿ ತೋಟ ನೋಡುವ ರೂಢಿ

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವ ಭಾಗದಲ್ಲಿ ಉಮದಿ, ಸಂಖ, ಮಾಡಗ್ಯಾಳ, ಗುಡ್ಡಾಪುರದಂಥ ಕನ್ನಡದ ಊರುಗಳಿವೆ. ಈ ಭಾಗದ ಅನೇಕ ಒಕ್ಕಲು ಮನೆತನಗಳು ಊರೊಳಗಿರದೆ ಹೊಲದಲ್ಲೇ ವಸ್ತಿ ಮಾಡಿಕೊಂಡಿವೆ. ಅಂಥ ಮನೆಗಳಲ್ಲಿ ಅಂಗಳ ಮುಗಿದಲ್ಲಿಂದಲೇ ತೋಟ. ಬಂದವರಿಗೆ ಚಹಾ ಕೊಟ್ಟ ಮೇಲೆ ತೋಟದಲ್ಲಿ ಒಂದು ಸುತ್ತು ಹಾಕಿಸುವುದು ಇಲ್ಲಿ ಉಪಚಾರವೂ ಹೌದು, ಕಲಿಕೆಯೂ ಹೌದು.

ಜತ್ತ 1948ರವರೆಗೆ ಡಫಳೆ ಮನೆತನದ ಸಂಸ್ಥಾನವಾಗಿತ್ತು. ಸಹ್ಯಾದ್ರಿಯ ಮಳೆ ನೆರಳಿನ ಈ ನೆಲಕ್ಕೆ ವರ್ಷಕ್ಕೆ 500 ಮಿ.ಮೀ. ಆಸುಪಾಸಿನ ಮಳೆ, ಅದೂ ನೆಚ್ಚುವಂಥದ್ದಲ್ಲ. ಜೋಳ, ಸಜ್ಜೆ, ಕುರಿ, ಖಿಲಾರಿ ದನ ಇವೇ ಆಗ ಬದುಕಿನ ಆಸರೆಯಾಗಿದ್ದವು. ಆಗಲೂ ಹೊಲ ತೋರಿಸಲು ಒಂದು ದಿನವಿತ್ತು. ವಿಜಯಪುರ ಸೀಮೆಯಲ್ಲೂ ಅದಕ್ಕೆ ಹೊಂದಿದ ಗಡಿ ಹಳ್ಳಿಗಳಲ್ಲೂ ಎಳ್ಳ ಅಮವಾಸ್ಯೆಗೆ ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಬೆಳೆಗೆ ಚರಗ (ನೈವೇದ್ಯದ ಅಡುಗೆ) ಚೆಲ್ಲಿ, ಬೀಗರು ಗೆಳೆಯರೊಂದಿಗೆ ಅಲ್ಲೇ ಉಣ್ಣುತ್ತಾರೆ. ತೆನೆ ಕಟ್ಟುವ ಹೊತ್ತಿನ ಬಿಳಿಜೋಳವನ್ನು ಹತ್ತು ಜನ ನೋಡುವುದು ಆ ದಿನವೇ.

1972ರ ಬರದ ನಂತರದ ದಶಕಗಳಲ್ಲಿ ಬಾವಿ, ಕೊಳವೆಬಾವಿ ಹೆಚ್ಚಿದವು. ಹನಿ ನೀರಾವರಿಯೂ ಬಂತು. ಇದೇ ಜಿಲ್ಲೆಯ ತಾಸಗಾವದಲ್ಲಿ ಬೇರೂರಿದ್ದ ದ್ರಾಕ್ಷಿ ಜತ್ತಕ್ಕೂ ಹಬ್ಬಿತು. ಈ ಬೆಳೆಯ ಚರಿತ್ರೆಯಲ್ಲಿ ಬೆಳೆಗಾರರ ಕಣ್ಣಿಗೆ ದೊಡ್ಡ ಪಾಲಿದೆ. ‘ತಾಸ್-ಎ-ಗಣೇಶ’ ತಳಿಯನ್ನು ಥಾಮ್ಸನ್ ಸೀಡ್‌ಲೆಸ್ ಬಳ್ಳಿಗಳಿಂದ ಆರಿಸಿದವರು ತಾಸಗಾವ ತಾಲೂಕಿನ ಬೆಳೆಗಾರ ವಸಂತರಾವ್ ಆರ್ವೆ. ‘ಸೋನಾಕಾ’, ‘ಶರದ್ ಸೀಡ್‌ಲೆಸ್’ ತಳಿಗಳು ಸೋಲಾಪುರ ಬಳಿಯ ನಾನ್ನಜದ ನಾನಾಸಾಹೇಬ ಕಾಳೆ ಅವರ ತೋಟದಿಂದ ಬಂದವು. ಇಂಥ ತಳಿಗಳು ಹರಡಿದ್ದು ಕಡ್ಡಿಯಿಂದ. ಕಡ್ಡಿ ಕೇಳುವ ಮುಂಚೆ ತೋಟ ನೋಡಲೇಬೇಕು. ಪುಣೆಯಲ್ಲಿ ಕಚೇರಿಯಿರುವ ಮಹಾರಾಷ್ಟ್ರ ರಾಜ್ಯ ದ್ರಾಕ್ಷಿ ಬಾಗಾಯತದಾರ ಸಂಘವು ಚರ್ಚಾಸತ್ರ, ಶಿವಾರ ಫೇರಿ (ಹೊಲ-ತೋಟ ಸುತ್ತಾಟ)ಗಳ ಮೂಲಕ ಈ ನೋಟಕ್ಕೆ ಒಂದು ವ್ಯವಸ್ಥೆ ತಂದಿತು. ಬರ ಮತ್ತು ಸವಳು ನೀರು ತಡೆಯುವ ‘ಡಾಗ್‌ರಿಡ್ಜ್’ ಬೇರುಗಿಡಕ್ಕೆ ಕಸಿ ಕಟ್ಟುವ ಪದ್ಧತಿ ಹಬ್ಬಿದಾಗಲೂ ಮಾತಿಗಿಂತ ಕಸಿ ಹಿಡಿದ ತೋಟವೇ ರೈತರನ್ನು ಒಪ್ಪಿಸಬಲ್ಲದ್ದಾಗಿತ್ತು.

ದ್ರಾಕ್ಷಿ ತೋಟಕ್ಕೆ ಬಂದವನ ಮೊದಲ ಪ್ರಶ್ನೆ ‘ಚಾಟ್ನಿ ಯಾವಾಗ ಆತು?’, ಅಂದರೆ ಬಳ್ಳಿ ಸವರಿದ್ದು ಯಾವಾಗ, ಎಂಬುದು. ಅಕ್ಟೋಬರ್ ಚಾಟ್ನಿಯಿಂದ ಕಟಾವಿಗೆ ಸುಮಾರು ನಾಲ್ಕು ತಿಂಗಳು. ಔಷಧ, ನೀರು, ದ್ರಾವಣದಲ್ಲಿ ಗೊಂಚಲು ಅದ್ದುವಿಕೆ ಎಲ್ಲಕ್ಕೂ ಲೆಕ್ಕ ಆ ದಿನದಿಂದಲೇ. ಆಮೇಲೆ ಚಪ್ಪರದಡಿ ಬಗ್ಗಿ ಎಲೆಯ ಹಿಂಬದಿ ತಿರುವಿ ನೋಡುತ್ತಾನೆ: ಮೇಲೆ ಹಳದಿ ಮಚ್ಚೆ, ಕೆಳಗೆ ಬಿಳಿ ಬೂಜು ಕಂಡರೆ ತುಪ್ಪಟ ರೋಗ. ಹನಿ ಬೀಳುವಲ್ಲಿ ಮಣ್ಣು ಕೆದರಿ ಮುಷ್ಟಿಯಲ್ಲಿ ಹಿಚುಕುತ್ತಾನೆ. ಉಂಡೆ ಕಟ್ಟಿದರೆ ತೇವ ಸಾಕು, ಪುಡಿಯಾದರೆ ನೀರು ಕಮ್ಮಿ. ಮೊಬೈಲಿನ ವಿಡಿಯೊದಲ್ಲಿ ಗೊಂಚಲು ಚೆಂದ ಕಾಣುತ್ತದೆ, ಈ ಮುಷ್ಟಿಯ ಮಣ್ಣು ಕಾಣುವುದಿಲ್ಲ. ನಡೆದು ನೋಡುವುದಕ್ಕೆ ಸಾಟಿ ಇನ್ನೂ ಹುಟ್ಟಿಲ್ಲ.

ದಾಳಿಂಬೆಯ ಕಥೆ ಬೇರೆ. ಡಾ. ಜಿ.ಎಸ್. ಚೀಮಾ 1936ರಲ್ಲಿ ಪುಣೆಯ ಗಣೇಶಖಿಂಡದಲ್ಲಿ ಆರಿಸಿದ ತಳಿಗೆ 1970ರಲ್ಲಿ ‘ಗಣೇಶ’ ಎಂಬ ಹೆಸರಾಯಿತು. 1990ರಲ್ಲಿ ಮಹಾರಾಷ್ಟ್ರ ಸರ್ಕಾರ ಉದ್ಯೋಗ ಖಾತರಿ ಯೋಜನೆಯೊಂದಿಗೆ ಹಣ್ಣಿನ ಗಿಡ ನೆಡುವಿಕೆಯನ್ನು ಜೋಡಿಸಿದ ಮೇಲೆ ಒಣಬೇಸಾಯದವರೂ ತೋಟಕ್ಕೆ ಕೈಹಾಕಿದರು. ಮುಂದೆ ರಾಹುರಿ ಕೃಷಿ ವಿದ್ಯಾಪೀಠದ ಕಡುಗೆಂಪು ‘ಭಗವಾ’ ತಳಿ ಗಣೇಶವನ್ನು ಹಿಂದಿಕ್ಕಿತು. ನೀರು ನಿಲ್ಲಿಸಿ, ಗಿಡ ಎಲೆ ಉದುರಿಸಿದ ಮೇಲೆ ಮತ್ತೆ ನೀರು ಬಿಟ್ಟು ಬಹಾರ (ಹೂವಿನ ಹಂಗಾಮು) ಹಿಡಿಸುವ ಕೆಲಸ ಬಾಯಿಮಾತಿನಲ್ಲಿ ಬರುವಂಥದ್ದಲ್ಲ. ಅದನ್ನೂ ಪಕ್ಕದವರ ತೋಟದಲ್ಲಿ ನೋಡಿಯೇ ಕಲಿಯಬೇಕು.

ಆದರೆ ಗಿಡ, ಕಡ್ಡಿ ಹಂಚಿಕೊಳ್ಳುವ ಇದೇ ರೂಢಿಗೆ 2000ದ ದಶಕದಲ್ಲಿ ಪೆಟ್ಟು ಬಿತ್ತು. ಮಹಾರಾಷ್ಟ್ರ, ಕರ್ನಾಟಕಗಳ ದಾಳಿಂಬೆ ಸೀಮೆಗಳಲ್ಲಿ ‘ತೇಲ್ಯಾ’, ಅಂದರೆ ದುಂಡಾಣು ಅಂಗಮಾರಿ, ಹಬ್ಬಿತು. ಕಾಯಿಯ ಮೇಲೆ ಎಣ್ಣೆ ಹನಿಸಿದಂಥ ಕಪ್ಪು ಕಲೆ, ಬಳಿಕ ಅದರ ಮೇಲೆ ಬಿರುಕು. ಮಳೆಹನಿಯ ಸಿಡಿತದಿಂದ ಹರಡುವ ಈ ರೋಗ ಸೋಂಕಿದ ಗೂಟಿ (ಕೊಂಬೆಗೆ ಬೇರು ಬರಿಸಿ ಮಾಡಿದ) ಗಿಡದೊಂದಿಗೆ ಊರು ದಾಟುತ್ತದೆ, ಕತ್ತರಿಯ ಅಲಗಿನಲ್ಲಿ ಗಿಡದಿಂದ ಗಿಡಕ್ಕೆ ಹೋಗುತ್ತದೆ. ಗೆಳೆಯನ ತೋಟದ ಗೂಟಿ, ಎರವಲು ಕತ್ತರಿ ಎರಡೂ ಅಪಾಯದ ವಸ್ತುಗಳಾದವು. 2005ರಲ್ಲಿ ಸೋಲಾಪುರದಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಶುರುವಾಯಿತು. ರೋಗವಿಲ್ಲದ ಸಸಿ, ಪ್ರತಿ ಗಿಡಕ್ಕೂ ಕತ್ತರಿಯನ್ನು ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ಅದ್ದುವುದು, ಸೋಂಕಿನ ಕೊಂಬೆ ಕಾಯಿಗಳನ್ನು ಸುಡುವುದು ತಜ್ಞರ ಸಲಹೆಯಾಗಿವೆ. ತೋಟ ತೋರಿಸುವ ಮನೆಯವರು ಕಾಯಿ ಮುಟ್ಟದೆ ನೋಡಿರೆಂದರೆ ಅದು ಬಿಗುಮಾನವಲ್ಲ, ಬೆಳೆ ಕಾಯುವ ಎಚ್ಚರ.