ಬ್ಯಾಟರಿ ಸಾಗಣೆಯ ವರ್ಗೀಕರಣ: ಹಾಸನ ಸೀಮೆಯ ಹಿನ್ನೆಲೆಯಲ್ಲಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಆಡುಮಾತಿನಲ್ಲಿ ‘ಬ್ಯಾಟ್ರಿ’ ಎಂಬ ಒಂದೇ ಪದವು ಟಾರ್ಚಿಗೂ, ಟ್ರ್ಯಾಕ್ಟರಿನ ಆಮ್ಲಭರಿತ ಬ್ಯಾಟರಿಗೂ, ವಿದ್ಯುತ್ ಸ್ಕೂಟರಿನ ಲಿಥಿಯಂ ಅಯಾನ್ ಪ್ಯಾಕಿಗೂ ಸಲ್ಲುತ್ತದೆ. ಸಾಗಣೆ ನಿಯಮಗಳ ವರ್ಗೀಕರಣ ಬೇರೆ. 1956ರಲ್ಲಿ ಮೊದಲಾದ ವಿಶ್ವಸಂಸ್ಥೆಯ ಶಿಫಾರಸುಗಳ ಪ್ರಕಾರ ಆಮ್ಲದ ಬ್ಯಾಟರಿ ಎಂಟನೆಯ ವರ್ಗಕ್ಕೂ, ಲಿಥಿಯಂ ಅಯಾನ್ ಒಂಬತ್ತನೆಯದಕ್ಕೂ ಸೇರುತ್ತವೆ. ಎರಡನೆಯದು ಬಿಡಿಯಾಗಿ ಸಾಗಿದರೆ ಅದರ ಸಂಖ್ಯೆ 3480, ಉಪಕರಣದೊಡನಾದರೆ 3481.

ಪರೀಕ್ಷಾ ಕೈಪಿಡಿಯ 38.3ನೆಯ ವಿಭಾಗವು ಕಂಪನ, ಆಘಾತ, ಶಾರ್ಟ್ ಸರ್ಕ್ಯೂಟ್ ಮುಂತಾದ ಎಂಟು ಪರೀಕ್ಷೆಗಳನ್ನು ನಿರೂಪಿಸುತ್ತದೆ. ಉಷ್ಣ ಪರೀಕ್ಷೆಯಲ್ಲಿ 72 ಡಿಗ್ರಿ ಸೆಲ್ಸಿಯಸ್ ಶಾಖವನ್ನೂ ಮೈನಸ್ 40 ಡಿಗ್ರಿ ಶೀತವನ್ನೂ ತಾಳಬೇಕು. ಆದರೆ ಇವು ಪ್ರಮಾಣೀಕರಿಸುವುದು ಹೊಸದರ ವಿನ್ಯಾಸವನ್ನೇ ಹೊರತು ಉಬ್ಬಿದ, ಪೆಟ್ಟುಬಿದ್ದ ಪ್ಯಾಕನ್ನಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯವನ್ನು ಹಿಂಪಡೆಯುವ ಹೊಣೆಯನ್ನು ಉತ್ಪಾದಕರ ಮೇಲಿರಿಸಿವೆ. ಒಂದೇ ಹೆಸರಿನವು ಗುಜರಿಯ ಒಂದೇ ರಾಶಿಗೆ ಬೀಳದಂತೆ ನೋಡಿಕೊಂಡಾಗಲೇ ಈ ವರ್ಗೀಕರಣ ಸಾರ್ಥಕವಾಗುತ್ತದೆ.