ವೀರಮಂಡಲಿಯ ಗಗನಗೃಹ

ಅಮೆರಿಕದ ಡೀಸಿ ಕಾಮಿಕ್ಸಿನ ಜಸ್ಟೀಸ್ ಲೀಗ್ ಎಂಬ ವೀರಮಂಡಲಿಯು ಮೊದಲು ಹ್ಯಾಪಿ ಹಾರ್ಬರ್ ಎಂಬ ಕಲ್ಪಿತ ಊರಿನ ಗಿರಿಗುಹೆಯೊಂದರಲ್ಲಿ ನೆಲಸಿದ್ದು, ಆ ಗೂಢಸ್ಥಾನವು ವೈರಿಯಾದ ಜೋಕರನಿಗೆ ತಿಳಿದುಹೋದ ಮೇಲೆ, ಡೆನಿಸ್ ಓನೀಲ್ ರಚಿಸಿ ಡಿಕ್ ಡಿಲಿನ್ ಚಿತ್ರಿಸಿದ 1970ರ ಫೆಬ್ರವರಿ ಸಂಚಿಕೆಯಲ್ಲಿ, ಭೂಮಿಯಿಂದ 22,300 ಮೈಲು ಎತ್ತರದ ಉಪಗ್ರಹನಿಲಯಕ್ಕೆ ತನ್ನ ಬಿಡಾರವನ್ನು ಸಾಗಿಸಿತು. ಈ ಸಂಖ್ಯೆಯು ನಿರರ್ಥಕವಾದುದಲ್ಲ. ಸಮಭಾಜಕವೃತ್ತದ ಮೇಲೆ ಸುಮಾರು ಅಷ್ಟೇ ದೂರದಲ್ಲಿ ಪರಿಭ್ರಮಿಸುವ ವಸ್ತುವು ಭೂಮಿಯ ಆವರ್ತನದೊಡನೆ ಸಮವಾಗಿ ಸಾಗುವುದರಿಂದ ನೆಲದ ಮೇಲಿರುವವರಿಗೆ ನಿಶ್ಚಲವಾಗಿ ತೋರುವುದು. ಇಂತಹ ಕಕ್ಷೆಯಿಂದ ಜಗತ್ತಿಗೆಲ್ಲ ವಾರ್ತೆಯನ್ನು ಮುಟ್ಟಿಸಬಹುದೆಂದು ಲೇಖಕ ಆರ್ಥರ್ ಕ್ಲಾರ್ಕನು 1945ರಲ್ಲಿಯೇ ಪ್ರತಿಪಾದಿಸಿದ್ದನು, ಸಿಂಕಾಮ್-3 ಉಪಗ್ರಹವು 1964ರಲ್ಲಿ ಆ ಕಕ್ಷೆಯಲ್ಲಿ ನಿಂತಿತ್ತು. ಮಾನವನು ಚಂದ್ರನ ಮೇಲೆ ಕಾಲಿಟ್ಟು ವರ್ಷ ತುಂಬುವ ಮುನ್ನವೇ ಗುಹೆಯನ್ನು ತೊರೆದು ಅಂತರಿಕ್ಷಕ್ಕೇರಿದ ಈ ಕಲ್ಪನೆಯಲ್ಲಿ ಆ ಯುಗದ ಉತ್ಸಾಹವು ಎಷ್ಟು ನಿರ್ಮಲವಾಗಿ ಪ್ರತಿಫಲಿಸಿದೆ!

1984ರ ಕಥೆಗಳಲ್ಲಿ ಮಂಗಳಗ್ರಹದವರ ಆಕ್ರಮಣದಿಂದ ನಿಲಯವು ಜರ್ಜರಿತವಾಗಿ, ಮಂಡಲಿಯು ಡೆಟ್ರಾಯಿಟ್ ನಗರಕ್ಕಿಳಿಯಿತು. 1997ರಲ್ಲಿ ಕಥಾಲೇಖಕ ಗ್ರಾಂಟ್ ಮಾರಿಸನ್ ಚಂದ್ರನ ಮೇಲೆಯೇ ವಾಚ್‌ಟವರ್ ಎಂಬ ಭವ್ಯಸೌಧವನ್ನು ಕಲ್ಪಿಸಿದನು. ಆದರೂ ವಿಜ್ಞಾನಕ್ಕೆ ಇಷ್ಟು ಹತ್ತಿರ ನಿಂತ ಆ ಉಪಗ್ರಹನಿಲಯವೇ, ನನ್ನ ಮತದಲ್ಲಿ, ಇವೆಲ್ಲವುಗಳಲ್ಲಿಯೂ ಶ್ರೇಷ್ಠವಾದುದು.