ಅಬಿಡ್ಸಿನ ಶಾಲೆ, ಮಂಗಳೂರಿನ ಕಾಲೇಜು: ಕ್ಯಾಥೊಲಿಕ್ ಧರ್ಮಸಂಘಗಳು ಮತ್ತು ಉನ್ನತ ಶಿಕ್ಷಣ

ಹೈದರಾಬಾದಿನ ಅಬಿಡ್ಸ್ ಮತ್ತು ಅದಕ್ಕೆ ಅಂಟಿಕೊಂಡ ಗನ್‌ಫೌಂಡ್ರಿಯಲ್ಲಿ ಸೇಂಟ್ ಜೋಸೆಫ್ ಕೆಥೆಡ್ರಲ್, ರೋಸರಿ ಕಾನ್ವೆಂಟ್, ಆಲ್ ಸೇಂಟ್ಸ್, ಚಿರಾಗ್ ಅಲಿ ಲೇನಿನ ಲಿಟ್ಲ್ ಫ್ಲವರ್ ಎಲ್ಲವೂ ಆಸುಪಾಸಿನಲ್ಲೇ ಇವೆ. ಇಲ್ಲಿ ಧರ್ಮಸಂಘಗಳು ಹೆಸರು ಗಳಿಸಿದ್ದು ಶಾಲೆಗಳಿಂದ. ಪದವಿ ಕಾಲೇಜಿಗೆ ಅವು ಕೈ ಹಾಕಿದ್ದು ತಡವಾಗಿ. ಇದಕ್ಕೆ ಸಂಘಗಳ ನಿರಾಸಕ್ತಿ ಕಾರಣವಲ್ಲ ಎನ್ನುವುದಕ್ಕೆ ಮಂಗಳೂರೇ ಸಾಕ್ಷಿ.

ಮಂಗಳೂರಿನಲ್ಲಿ ಕಾಲೇಜು ಬೇಕೆಂದು ಹಟ ಹಿಡಿದವರು ಸ್ಥಳೀಯ ಕ್ಯಾಥೊಲಿಕರು. ಆಗ ಅಲ್ಲಿದ್ದ ಕಾರ್ಮೆಲೈಟ್ ಪಾದ್ರಿಗಳಿಂದ ಅದು ಆಗದೆಂದು ಅವರು ರೋಮಿಗೇ ಅರ್ಜಿ ಬರೆದರು. ಪೋಪ್ 13ನೆಯ ಲಿಯೋ ಜೆಸ್ವಿಟರನ್ನು ಕಳಿಸಿದರು. ಅವರ ಮೊದಲ ತಂಡ ಬಂದಿಳಿದದ್ದು 1878ರ ಡಿಸೆಂಬರ್ 31ರಂದು. ಗುಡ್ಡದ ಮೇಲಿನ ಕಟ್ಟಡಕ್ಕೆ ಕಾಯದೆ, ಕೊಡಿಯಾಲಬೈಲಿನ ಮನೆಯೊಂದರಲ್ಲಿ 1880ರ ಜನವರಿ 12ರಂದು ಪಾಠ ಶುರುವಾಯಿತು. ನಿವೇಶನ ಕೊಟ್ಟವರು ಲೋಬೊ ಪ್ರಭು ಮನೆತನದವರು. ಹೆಣ್ಣುಮಕ್ಕಳ ಶಿಕ್ಷಣಕ್ಕೆ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು 1870ರಲ್ಲೇ ಬಂದಿದ್ದರು. ಅವರ ಸೇಂಟ್ ಆಗ್ನೆಸ್ ಕಾಲೇಜು ತೆರೆದದ್ದು 1921ರಲ್ಲಿ.

ಈ ಕಾಲೇಜುಗಳ ಬೆನ್ನಿಗಿದ್ದದ್ದು ಮದ್ರಾಸ್ ವಿಶ್ವವಿದ್ಯಾಲಯ. ಪರೀಕ್ಷೆ, ಪದವಿ ಅದರದು. ಮೇಷ್ಟ್ರು, ಕಟ್ಟಡ, ಶಿಸ್ತು ಧರ್ಮಸಂಘದ್ದು.

ಅಬಿಡ್ಸಿನ ಮಗ್ಗುಲಲ್ಲೂ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು ಇತ್ತು. 1887ರಲ್ಲಿ ಶುರುವಾದ ಬಶೀರ್‌ಬಾಗಿನ ನಿಜಾಮ್ ಕಾಲೇಜು 1947ರವರೆಗೂ ಅದರ ಅಧೀನದಲ್ಲೇ ಇತ್ತು. ಆದರೆ ಅದನ್ನು ನಡೆಸುತ್ತಿದ್ದದ್ದು ನಿಜಾಮರ ಸರ್ಕಾರ. 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ, 1924ರಲ್ಲಿ ಅದರ ಮಹಿಳಾ ಕಾಲೇಜು ಬಂದವು. ಪದವಿಗಾಗಿ ನಿಜಾಮರ ಸೀಮೆಯ ಕಲಬುರಗಿ, ರಾಯಚೂರು, ಬೀದರಿನ ಹುಡುಗರೂ ಹಿಡಿಯುತ್ತಿದ್ದದ್ದು ಹೈದರಾಬಾದಿನ ದಾರಿಯನ್ನೇ. ಉನ್ನತ ಶಿಕ್ಷಣದ ಜಾಗವನ್ನು ಸರ್ಕಾರವೇ ಹಿಡಿದಿತ್ತು. ಇಂಗ್ಲಿಷ್ ಬಯಸಿದ ಮನೆಗಳಿಗೆ ಧರ್ಮಸಂಘಗಳು ಶಾಲೆ ನಡೆಸಿದವು. ನನ್ನ ದೃಷ್ಟಿಯಲ್ಲಿ ಇದು ಸೋಲಲ್ಲ, ಕೆಲಸದ ಹಂಚಿಕೆ.

ನಿಜಾಮರ ಆಳ್ವಿಕೆ ಮುಗಿದ ಮೇಲೆ ಲೆಕ್ಕ ಬದಲಾಯಿತು. ಇಟಲಿಯ ಲೊವೆರೆಯಲ್ಲಿ ಹುಟ್ಟಿದ ಸಿಸ್ಟರ್ಸ್ ಆಫ್ ಚಾರಿಟಿ ಸಂಘ 1959ರಲ್ಲಿ ಸೇಂಟ್ ಫ್ರಾನ್ಸಿಸ್ ಮಹಿಳಾ ಕಾಲೇಜು ತೆರೆಯಿತು. 1976ರಲ್ಲಿ ಜೆಸ್ವಿಟರ ಲೊಯೊಲಾ ಅಕಾಡೆಮಿ ಬಂತು. ಎರಡೂ ಅಬಿಡ್ಸಿನಲ್ಲಿಲ್ಲ, ಒಂದು ಬೇಗಂಪೇಟೆಯಲ್ಲಿ, ಇನ್ನೊಂದು ಅಲ್ವಾಲಿನಲ್ಲಿ ಇದೆ.